ಅನು ರಗ್ಬಿ ಆಡಿದ ವರ್ಷ

ಮೊನ್ನೆ ಕೌನ್ಸಿಲ್ ಚುನಾವಣೆಗೆ ಮತ ಹಾಕಲು ಹೋಗಿದ್ದೆವು. ನಮ್ಮ ಬೀದಿಯವರಿಗೆ ಯಾವಾಗಲೂ ಚರ್ಚಿನ ಹಾಲ್‌ನಲ್ಲಿ ಇರುತ್ತಿದ್ದ ಮತಗಟ್ಟೆಯನ್ನು ಈ ಸಲ ಶಾಲೆಯ ಸ್ಪೋರ್ಟ್ಸ್ ಹಾಲ್‌ಗೆ ಬದಲಿಸಿದ್ದರು. ಬಾಗಿಲು ತಳ್ಳಿ ಒಳಗೆ ಕಾಲಿಟ್ಟದ್ದೇ ತಡ, ಆ ವಾಸನೆ ಮುಖಕ್ಕೆ ಬಡಿಯಿತು. ಒದ್ದೆ ಕಾಲುಚೀಲ, ರಬ್ಬರಿನ ನೆಲಹಾಸು, ನೋವಿಗೆ ತಿಕ್ಕುವ ಮುಲಾಮಿನ ಘಾಟು, ಇವೆಲ್ಲದರ ಅಡಿಯಲ್ಲಿ ಎಲ್ಲೋ ಹಸಿ ಕೆಸರು. ನನ್ನ ಅಂಗೈ ಬೆವತು ಕೈಯಲ್ಲಿದ್ದ ಡ್ರೈವಿಂಗ್ ಲೈಸೆನ್ಸ್ ಜಾರಿತು.

"ಏನಾಯ್ತೇ?" ಅಂದ ಮೋಹನ.

"ಏನಿಲ್ಲ, ಸೆಖೆ."

ಹೊರಗೆ ಜನ ಕೋಟು ಹಾಕಿಕೊಂಡು ಓಡಾಡುತ್ತಿದ್ದರು. ಅವನು ನನ್ನ ಮುಖ ನೋಡಿದ, ಸಾಲಾಗಿ ಜೋಡಿಸಿಟ್ಟಿದ್ದ ರಗ್ಬಿ ಪ್ಯಾಡುಗಳನ್ನು ನೋಡಿದ, ಬಗ್ಗಿ ಲೈಸೆನ್ಸ್ ಎತ್ತಿಕೊಟ್ಟ.

ಅದು ನಮ್ಮ ಮಗಳು ಅನು ಶಾಲೆಯ ಹತ್ತನೇ ವರ್ಷದಲ್ಲಿದ್ದಾಗಿನ ಮಾತು. ನಾನು ನಾಟಿಂಗ್‌ಹ್ಯಾಮ್‌ನ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ವೈದ್ಯೆ. ಊರು ಧಾರವಾಡ. ಮೋಹನ ಮೈಸೂರಿನವನು, ಸಾಫ್ಟ್‌ವೇರ್ ಕೆಲಸ, ಹೆಚ್ಚಿನ ದಿನ ಮನೆಯಿಂದಲೇ ಮಾಡುತ್ತಾನೆ. ಅನು ಇಲ್ಲೇ, ಬೀಸ್ಟನ್‌ನಲ್ಲಿ ಹುಟ್ಟಿ ಬೆಳೆದವಳು. ನಾವು ಕನ್ನಡದಲ್ಲಿ ಮಾತಾಡಿದರೆ ಎಲ್ಲವೂ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ತೀರಾ ಚಿಕ್ಕವಳಿದ್ದಾಗ ಕನ್ನಡವನ್ನೇ ಆಡುತ್ತಿದ್ದಳು. ನರ್ಸರಿಗೆ ಹೋದ ಮೇಲೆ ಅದು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಇಲ್ಲಿ ಅವಳ ಮಾತನ್ನು ನಾನೇ ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ.

ಸೆಪ್ಟೆಂಬರಿನ ಒಂದು ಸಂಜೆ ಅವಳು ತಲೆಯಿಂದ ಪಾದದವರೆಗೆ ಕೆಸರು ಮೆತ್ತಿಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಹಲ್ಲಷ್ಟೇ ಬೆಳ್ಳಗೆ ಕಾಣುತ್ತಿತ್ತು.

"ಟೀಮಿಗೆ ಆರಿಸಿಕೊಂಡ್ರು, ಅಮ್ಮ!"

"ಯಾವ ಟೀಮಿಗೆ? ಬ್ಯಾಡ್ಮಿಂಟನ್ನಾ?"

"ರಗ್ಬಿ."

ಕೈಯಲ್ಲಿದ್ದ ಸೌಟನ್ನು ಒಲೆಯ ಪಕ್ಕ ಇಟ್ಟೆ. ಬೇರೆ ತಾಯಂದಿರಿಗೆ ರಗ್ಬಿ ಅಂದರೆ ಒಂದು ಆಟ. ನನಗೆ ಅದು ಶನಿವಾರ ಮಧ್ಯಾಹ್ನದ ನಮ್ಮ ವಿಭಾಗ. ಮುರಿದ ಹೆಗಲೆಲುಬು, ಹಿಂದಕ್ಕೆ ಮಡಚಿಕೊಂಡ ಬೆರಳು, ಕಿವಿಯ ಹಿಂದೆ ಹೆಪ್ಪುಗಟ್ಟಿದ ರಕ್ತ. ಹಲಗೆಯ ಮೇಲೆ ಕಟ್ಟಿ, ಕುತ್ತಿಗೆಗೆ ಪಟ್ಟಿ ಹಾಕಿ ತರುವವರು ಕೆಲವರು. ಅವರು ಛಾವಣಿಯನ್ನೇ ನೋಡುತ್ತ, "ನನ್ನ ಕಾಲು ಅಲುಗಾಡ್ತಿದೆಯಾ?" ಎಂದು ಕೇಳುತ್ತಾರೆ. ಆ ಪ್ರಶ್ನೆ ಕೇಳುವವರ ಧ್ವನಿ ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಅದೇ ಧ್ವನಿ ನನ್ನ ಮಗಳ ಬಾಯಿಂದ ಬಂದರೆ ಹೇಗಿರುತ್ತದೆ ಎಂಬುದನ್ನೂ ನನ್ನ ಮನಸ್ಸು ಆ ಗಳಿಗೆಯಲ್ಲೇ ಕೇಳಿಸಿಕೊಂಡುಬಿಟ್ಟಿತು.

"ಬೇಡ" ಅಂದೆ.

"ಬಿಡೇ ಗೀತಾ," ಅಂದ ಮೋಹನ. "ನಮ್ಮಿಬ್ಬರ ಮನೇಲೂ ಬಸ್ಸಿಗೆ ಬಿಟ್ರೆ ಯಾವುದಕ್ಕೂ ಓಡಿದವರಿಲ್ಲ. ಇವಳಾದ್ರೂ ಓಡ್ಲಿ."

ಅದೇ ತಿಂಗಳು ಅವಳು ಶಾಲೆಯ ಕೆಡೆಟ್ ಪಡೆಗೂ ಸೇರಿಕೊಂಡಳು. ನಮ್ಮ ಕಾಲದ ಎನ್‌ಸಿಸಿ ಇದ್ದ ಹಾಗೆ. ಗುರುವಾರ ಶಾಲೆ ಮುಗಿದ ಮೇಲೆ ಕವಾಯತು, ನಕ್ಷೆ ಓದುವುದು, ವರ್ಷದಲ್ಲಿ ಒಂದೆರಡು ಸಲ ಬೆಟ್ಟದಲ್ಲಿ ಬಿಡಾರ. ನಡೆಸುತ್ತಿದ್ದವರು ಇತಿಹಾಸದ ಮೇಷ್ಟ್ರು ಮಿಸ್ಟರ್ ಹಾಲೆಂಡ್. ವಾರವೆಲ್ಲ ಸ್ವೆಟರಿನಲ್ಲಿ ಇರುತ್ತಿದ್ದ ಮೆತ್ತನೆಯ ಮನುಷ್ಯ, ಗುರುವಾರ ಮಾತ್ರ ಸಮವಸ್ತ್ರ ತೊಟ್ಟು ಗಂಟಲೇರಿಸುತ್ತಿದ್ದರು.

ಎರಡಕ್ಕೂ ಕಾರಣ ಕ್ಲೋಯಿ. ಅವಳು ಹುಡುಗಿಯರ ರಗ್ಬಿ ತಂಡದ ಕ್ಯಾಪ್ಟನ್, ಕೆಡೆಟ್ ಪಡೆಯಲ್ಲಿಯೂ ಮುಂದು. ಗಿಡ್ಡಗೆ, ಗಟ್ಟಿಯಾಗಿ, ಎದುರಿಗಿದ್ದವರನ್ನು ನೇರವಾಗಿ ನೋಡುವ ಹುಡುಗಿ. ಅನುವಿಗೆ ಅವಳು ಹೇಳಿದ್ದೇ ವೇದ. ಅವಳ ತಾಯಿ ಡೆಬಿ ಟ್ರಾಮ್ ಓಡಿಸುತ್ತಿದ್ದಳು, ಮಗಳನ್ನು ಒಬ್ಬಳೇ ಬೆಳೆಸಿದವಳು. ಮೊದಲ ಭೇಟಿಯಲ್ಲೇ ನನ್ನ ತೋಳು ಹಿಡಿದು, "ಹೆದರಬೇಡ, ಮೀ ಡಕ್. ಹುಡುಗೀರು ರಬ್ಬರಿನ ಹಾಗೆ, ಪುಟಿದೇಳ್ತಾವೆ" ಅಂದಿದ್ದಳು. ಈ ಊರಿನವರು ಗುರುತಿದ್ದವರನ್ನೂ ಇಲ್ಲದವರನ್ನೂ ಬಾತುಕೋಳಿ ಎಂದೇ ಕರೆಯುವುದು. ಬಂದ ಹೊಸದರಲ್ಲಿ ನನಗೆ ಇರುಸುಮುರುಸಾಗುತ್ತಿತ್ತು. ಈಗ ಯಾರಾದರೂ ಹಾಗೆ ಕರೆಯದಿದ್ದರೆ ಏನೋ ಮುನಿಸಿರಬೇಕು ಅನ್ನಿಸುತ್ತದೆ.

ಮೊದಲ ಪಂದ್ಯ ನೋಡಲು ಹೋದೆ. ಕಣ್ಣುಬಿಟ್ಟುಕೊಂಡು ನೋಡುವುದು ಆಗಲಿಲ್ಲ. ಎರಡೂ ಕಡೆಯ ಹುಡುಗಿಯರು ತಲೆ ತಗ್ಗಿಸಿ, ಹೆಗಲಿಗೆ ಹೆಗಲು ಕೊಟ್ಟು ಒಬ್ಬರನ್ನೊಬ್ಬರು ನೂಕುವಾಗ ಒಂದು ಶಬ್ದ ಬರುತ್ತದೆ, ಒದ್ದೆ ಚೀಲವನ್ನು ನೆಲಕ್ಕೆ ಎತ್ತಿ ಹಾಕಿದ ಹಾಗೆ. ಆ ಗುಂಪಿನ ಒಳಗೆಲ್ಲೋ ಅನುವಿನ ಕುತ್ತಿಗೆ ಇತ್ತು. ನನ್ನ ಪಕ್ಕದಲ್ಲಿ ಜನ ಚಹಾ ಕುಡಿಯುತ್ತ ನಗುತ್ತಿದ್ದರು. ನಾನು ಪ್ರತಿ ಸಲ ಗುಂಪು ಬಿಚ್ಚಿಕೊಂಡಾಗ ಅವಳು ಎದ್ದಳೇ, ಎರಡೂ ಕೈ ಆಡಿಸಿದಳೇ ಎಂದು ನೋಡುತ್ತಿದ್ದೆ. ಅವಳು ಮಾತ್ರ ಪ್ರತಿ ಸಲ ಮೊದಲಿಗಿಂತ ಉದ್ದವಾಗಿ ಎದ್ದು ನಿಂತ ಹಾಗೆ ಕಾಣುತ್ತಿತ್ತು. ಮನೆಯಲ್ಲಿ ಬೆನ್ನು ಬಗ್ಗಿಸಿ ಫೋನು ನೋಡುವ ಆ ಹುಡುಗಿಯೇ ಇವಳು ಅನ್ನಿಸಲಿಲ್ಲ. ಅದನ್ನೂ ನೋಡಿದೆ, ಇಲ್ಲ ಎನ್ನುವುದಿಲ್ಲ.

ನವೆಂಬರಿನಲ್ಲಿ ಯುದ್ಧದಲ್ಲಿ ಮಡಿದವರ ಸ್ಮರಣೆಯ ಭಾನುವಾರ ಕೆಡೆಟ್‌ಗಳು ಸ್ಮಾರಕದ ತನಕ ನಡೆದರು. ಅಗಲ ಟೋಪಿಯನ್ನು ಒಂದು ಕಡೆಗೆ ವಾಲಿಸಿ, ಕಪ್ಪು ಬೂಟು ಹೊಳೆಯುತ್ತ, ಎದೆಯ ಮೇಲೆ ಕಾಗದದ ಕೆಂಪು ಹೂವಿಟ್ಟುಕೊಂಡು ನನ್ನ ಮಗಳು ಸಾಲಿನಲ್ಲಿ ನಿಂತಿದ್ದಳು. ಕಲ್ಲಿನ ಮೇಲೆ ಕೆತ್ತಿದ ಹೆಸರುಗಳನ್ನು ಯಾರೋ ಓದುತ್ತಿದ್ದರು. ಅವರಲ್ಲಿ ಎಷ್ಟೋ ಮಂದಿ ಅವಳಿಗಿಂತ ಮೂರ್ನಾಲ್ಕು ವರ್ಷವಷ್ಟೇ ದೊಡ್ಡವರು. ಆ ವರ್ಷ ಬೇರೆ, ಊರಿನ ಗಾಳಿಯೇ ಸರಿಯಿರಲಿಲ್ಲ. ವಲಸೆ ಬಂದವರು ಬೇಡವೆನ್ನುವವರು ದೀಪದ ಕಂಬಗಳಿಗೆಲ್ಲ ಇಂಗ್ಲೆಂಡಿನ ಬಾವುಟ ಕಟ್ಟಿದ್ದರು, ನಮ್ಮ ಆಸ್ಪತ್ರೆಯ ಇಬ್ಬರು ನರ್ಸುಗಳ ಮೇಲೆ ಬಸ್ ಸ್ಟಾಪಿನಲ್ಲಿ ಯಾರೋ ಕೂಗಾಡಿದ್ದರು. ಕಾರ್ಯಕ್ರಮ ಮುಗಿದು ಚದುರುವಾಗ ಪದಕಗಳನ್ನು ಧರಿಸಿದ್ದ ಮುದುಕರೊಬ್ಬರು ಅನುವಿನ ಮುಂದೆ ಬಂದು ನಿಂತರು. ನಾನು ಜನರನ್ನು ಸರಿಸಿಕೊಂಡು ಹತ್ತಿರ ಹೋದೆ.

"ಎಲ್ಲಿಯವಳಮ್ಮ ನೀನು?" ಅಂದರು ಅವರು.

"ಬೀಸ್ಟನ್" ಅಂದಳು ಅನು, ನೇರ ಮುಂದಕ್ಕೆ ನೋಡುತ್ತಲೇ.

"ನಾನೂ ಅಲ್ಲಿಯವನೇ. ಯಾವ ಕಡೆ? ಸ್ಟೇಷನ್ ಕಡೆಯಾ, ಕಾಲುವೆ ಕಡೆಯಾ?"

"ಕಾಲುವೆ ಕಡೆ."

"ಹಂಗಾದ್ರೆ ಪರವಾಗಿಲ್ಲ" ಎಂದು ಮುದುಕರು ನಕ್ಕು ಮುಂದೆ ಹೋದರು. ನಾನು ಪಕ್ಕದ ಗೋಡೆಗೆ ಒರಗಿ ನಿಂತೆ.

ಚಳಿಗಾಲವೆಲ್ಲ ಹೀಗೇ ಕಳೆಯಿತು. ತಂಡ ಗೆಲ್ಲುತ್ತ ಹೋಯಿತು. ಹೊರಗಿನ ಬಾಗಿಲ ಬಳಿ ಕೆಸರಿನ ಬೂಟು, ಒಳಗೆ ಹೀಟರಿನ ಮೇಲೆ ಒಣಗುವ ಅಂಗಿ, ಗುರುವಾರದ ಹಿಂದಿನ ಸಂಜೆ ಮನೆಯೆಲ್ಲ ಪಾಲಿಶಿನ ವಾಸನೆ. ಶನಿವಾರಗಳಂದು ನನಗೆ ಡ್ಯೂಟಿ ಇದ್ದರೆ, ಆಂಬುಲೆನ್ಸಿನಿಂದ ಇಳಿಸುವ ಪ್ರತಿ ಸ್ಟ್ರೆಚರಿನಲ್ಲಿ ಮೊದಲು ನೋಡುತ್ತಿದ್ದದ್ದು ಅಂಗಿಯ ಬಣ್ಣವನ್ನು. ನಮ್ಮ ಶಾಲೆಯದ್ದು ಹಸಿರು. ಹಸಿರಲ್ಲ ಎಂದು ಗೊತ್ತಾದ ಮೇಲೆಯೇ ನನಗೆ ಉಸಿರಾಡಲು ಆಗುತ್ತಿದ್ದುದು, ರೋಗಿಯ ಹೆಸರು ಕೇಳಲು ಆಗುತ್ತಿದ್ದುದು.

ಫೆಬ್ರವರಿಯ ಕೊನೆಗೆ ಒಂದು ಶನಿವಾರ ಅವರು ಶಾಲೆಗಳ ಕಪ್ ಪಂದ್ಯಾವಳಿಯ ಸೆಮಿಫೈನಲ್ ಗೆದ್ದರು. ನಾನು ಆಸ್ಪತ್ರೆಯಲ್ಲಿದ್ದೆ, ಮೋಹನ ಕೆಲಸದ ಮೇಲೆ ಸಾಲ್ಫರ್ಡ್ ಊರಿಗೆ ಹೋಗಿದ್ದ. ಮನೆಗೆ ಬಂದರೆ ಗೆದ್ದ ಹುಡುಗಿಯ ಗಲಾಟೆಯೇ ಇರಲಿಲ್ಲ. ಕೋಣೆಯ ಪರದೆ ಎಳೆದು ಮಲಗಿದ್ದಳು. ಸುಸ್ತು ಅಂದಳು. ಅನ್ನ ಸಾರು ಅರ್ಧ ಬಿಟ್ಟಳು. ಆ ವಾರವೆಲ್ಲ ಮಾತು ಕಡಿಮೆ. "ಮಾಕ್ ಎಕ್ಸಾಮ್ ಇದೆ ಅಮ್ಮ, ಅಷ್ಟೇ" ಅಂದಳು. ಎಕ್ಸಾಮ್ ಇದ್ದದ್ದು ನಿಜವೇ.

ಮರು ಶನಿವಾರ ಕೆಡೆಟ್‌ಗಳ ಬೆಟ್ಟದ ಬಿಡಾರ. ಪೀಕ್ ಡಿಸ್ಟ್ರಿಕ್ಟಿನ ಬೋಳು ಗುಡ್ಡಗಳ ಮೇಲೆ ಐದೈದು ಜನರ ಗುಂಪು ಮಾಡಿ, ನಕ್ಷೆ ಕೊಟ್ಟು ಬಿಡುತ್ತಾರೆ. ಮಧ್ಯೆ ಮಧ್ಯೆ ಮೇಷ್ಟ್ರುಗಳು ಕಾಯುತ್ತಿರುತ್ತಾರೆ. ಅನುವಿನ ಗುಂಪಿಗೆ ಕ್ಲೋಯಿ ನಾಯಕಿ. ಬೆಳಿಗ್ಗೆ ಬಿಸಿಲಿತ್ತು. ಮಧ್ಯಾಹ್ನದ ಹೊತ್ತಿಗೆ ವಾರ್ಡಿನಲ್ಲಿ ನನ್ನ ಫೋನು ಅಲುಗಾಡಿತು. ಮಿಸ್ಟರ್ ಹಾಲೆಂಡ್.

"ಡಾಕ್ಟರ್, ಗಾಬರಿ ಮಾಡ್ಕೋಬೇಡಿ," ಅಂದರು. ಆ ಮಾತನ್ನು ನಾನೂ ಎಷ್ಟೋ ತಾಯಂದಿರಿಗೆ ಫೋನಿನಲ್ಲಿ ಹೇಳಿದ್ದೇನೆ. "ಮೇಲೆ ಮಂಜು ಕವಿದಿದೆ. ಹುಡುಗಿಯರ ಗುಂಪು ಬರಬೇಕಾದ ಜಾಗಕ್ಕೆ ಇನ್ನೂ ಬಂದಿಲ್ಲ. ಫೋನು ಸಿಗ್ತಿಲ್ಲ. ಮೌಂಟನ್ ರೆಸ್ಕ್ಯೂದವರನ್ನ ಕರೆದಿದ್ದೀವಿ."

ಸಹೋದ್ಯೋಗಿಗೆ ರೋಗಿಗಳನ್ನು ಒಪ್ಪಿಸಿ ಹೊರಗೆ ಓಡಿದೆ. ಮೋಹನ ಕಾರು ತಂದ. ದಾರಿಯುದ್ದಕ್ಕೂ ಅವನು ಒಂದೇ ಮಾತನ್ನು ಹೇಳುತ್ತಿದ್ದ. "ಐದು ಜನ ಇದ್ದಾರೆ. ಒಬ್ಬಳೇ ಅಲ್ಲ. ಐದು ಜನ ಇದ್ದಾರೆ."

ಗುಡ್ಡದ ಬುಡದ ಹಳ್ಳಿಯಲ್ಲಿ ಒಂದು ಕಾರ್ ಪಾರ್ಕ್. ಅದರಾಚೆ ಕಲ್ಲಿನ ಬೇಲಿ, ಒಂದು ಗೇಟು, ಗೇಟಿನಾಚೆ ಏನೂ ಇಲ್ಲ. ಬಿಳಿ. ಗುಡ್ಡ ಎನ್ನುವುದೇ ಇರಲಿಲ್ಲ. ಆ ಬಿಳಿಯೊಳಕ್ಕೆ ಕೆಂಪು ಜಾಕೆಟ್ಟಿನವರು ನಾಯಿಗಳೊಂದಿಗೆ ಹೊಕ್ಕು ಮಾಯವಾಗುತ್ತಿದ್ದರು. ಡೆಬಿ ಟ್ರಾಮಿನ ಸಮವಸ್ತ್ರದಲ್ಲೇ ಬಂದಿದ್ದಳು. ಅವಳು ಈ ಸಲ ರಬ್ಬರಿನ ಮಾತಾಡಲಿಲ್ಲ. ನನ್ನ ಕೈ ಹಿಡಿದು ನಿಂತಳು. ಅವಳ ಕೈ ನನ್ನದಕ್ಕಿಂತ ತಣ್ಣಗಿತ್ತು. ಮಿಸ್ಟರ್ ಹಾಲೆಂಡ್ ನಮ್ಮಿಂದ ಸ್ವಲ್ಪ ದೂರದಲ್ಲಿ ಗೇಟು ಹಿಡಿದು ನಿಂತಿದ್ದರು. ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಎಷ್ಟು ಹೊತ್ತು ನಿಂತೆವೋ ತಿಳಿಯದು. ಮೊದಲು ನಾಯಿಯೊಂದು ಬೊಗಳುವುದು ಕೇಳಿಸಿತು. ಆಮೇಲೆ ಮಂಜಿನೊಳಗಿಂದ ಒಂದು ಕೆಂಪು ಚುಕ್ಕೆ, ಅದರ ಹಿಂದೆ ಹುಡುಗಿಯರ ಆಕಾರ. ಒಬ್ಬಳು, ಇಬ್ಬರು, ಮೂವರು, ಕೊನೆಗೆ ಕ್ಲೋಯಿ. ಐದನೆಯವಳು ನಡೆಯುತ್ತಿರಲಿಲ್ಲ. ಸ್ಟ್ರೆಚರಿನ ಮೇಲಿದ್ದಳು.

ಅಂಗಿಯ ಬಣ್ಣ ನೋಡಿ ನಿರಾಳವಾಗುವ ಅವಕಾಶ ಈ ಸಲ ಇರಲಿಲ್ಲ.

"ಏನಾತು? ಏನಾಗೇತಿ ಆಕಿಗೆ?" ಎಂದು ನಾನು ಕೂಗುತ್ತಿದ್ದೆ. ಬ್ರಿಟಿಷರ ಮುಂದೆ ಧಾರವಾಡದ ಕನ್ನಡದಲ್ಲಿ. ಯಾರಿಗೂ ಅರ್ಥವಾಗುತ್ತಿಲ್ಲ ಎಂಬುದು ಹೊಳೆಯಲೇ ಇಲ್ಲ.

ರೆಸ್ಕ್ಯೂದವನೊಬ್ಬ ಹೇಳಿದ, ಜೌಗಿನ ಇಳಿಜಾರಿನಲ್ಲಿ ಜಾರಿ ತಲೆ ಸ್ವಲ್ಪ ತಾಗಿದೆ, ದೊಡ್ಡ ಪೆಟ್ಟೇನಲ್ಲ, ಆದರೆ ಆಮೇಲಿಂದ ವಾಂತಿ, ಮಾತು ತಡವರಿಸುತ್ತಿದೆ. ನಾನು ಮಂಡಿಯೂರಿ ಅವಳ ಮುಖ ಹಿಡಿದೆ. ಕಣ್ಣಿಗೆ ಟಾರ್ಚ್ ಬಿಟ್ಟೆ. ಅವಳು ಮುಖ ಕಿವುಚಿದಳು.

"ಅಮ್ಮಾ, ದೀಪ ಆರ್ಸು. ನಂಗೆ ನಿದ್ದೆ ಬರ್ತಿದೆ," ಅಂದಳು.

ಕನ್ನಡದಲ್ಲಿ. ಹನ್ನೊಂದು ವರ್ಷದಿಂದ ನನಗೆ ಕನ್ನಡದಲ್ಲಿ ಉತ್ತರ ಕೊಡದ ಹುಡುಗಿ, ನರ್ಸರಿಗಿಂತ ಮುಂಚಿನ ಆ ಚಿಕ್ಕ ದನಿಯಲ್ಲಿ. ಮೋಹನನ ಕಣ್ಣಲ್ಲಿ ನೀರು ಬಂತು, ಮಗಳು ಕನ್ನಡ ಮಾತಾಡಿದಳೆಂದು ಅವನ ಮುಖ ಒಂದು ಕ್ಷಣ ಅರಳಿತು ಕೂಡ. ನನಗೆ ಮಾತ್ರ ಜೀವವೇ ಬಾಯಿಗೆ ಬಂತು. ಅವಳ ತಲೆಯೊಳಗೆ ಏನೋ ತಪ್ಪಿದೆ, ಅವಳು ಯಾವುದೋ ಹಳೆಯ ಮನೆಯಲ್ಲಿ, ಹಳೆಯ ಹಾಸಿಗೆಯಲ್ಲಿ ಇದ್ದಾಳೆ ಎಂಬುದಷ್ಟೇ ನನಗೆ ಕೇಳಿಸಿದ್ದು. ಮಗಳ ಬಾಯಲ್ಲಿ ಕನ್ನಡ ಕೇಳಬೇಕೆಂದು ಎಷ್ಟು ಆಸೆಪಟ್ಟಿದ್ದೆನೋ, ಆಗ ಅವಳು ಇಂಗ್ಲಿಷಿನಲ್ಲಿ ಒಂದು ಮಾತು ಹೇಳಲಿ ಎಂದು ಅಷ್ಟೇ ಬೇಡಿಕೊಂಡೆ.

ಆಂಬುಲೆನ್ಸಿನ ಬಾಗಿಲು ಮುಚ್ಚುವ ಮೊದಲು ಕ್ಲೋಯಿ ಓಡಿಬಂದಳು. ತುಟಿ ನೀಲಿಯಾಗಿತ್ತು. "ಹೋದ ವಾರದ ಮ್ಯಾಚಲ್ಲೂ ಅವಳ ತಲೆಗೆ ಪೆಟ್ಟು ಬಿದ್ದಿತ್ತು," ಅಂದಳು. "ಒಬ್ಬಳ ಮೊಣಕಾಲು ತಗುಲಿತ್ತು. ಆಮೇಲಿಂದ ತಲೆನೋವು ಅಂತಿದ್ಳು. ಯಾರಿಗೂ ಹೇಳ್ಬೇಡ ಅಂತ ಆಣೆ ಮಾಡಿಸ್ಕೊಂಡಿದ್ಳು. ಸಾರಿ. ಸಾರಿ."

ಮೊದಲ ಪೆಟ್ಟು ಮಾಯುವ ಮೊದಲೇ ಎರಡನೆಯದು. ಅದು ಎಷ್ಟೇ ಹಗುರಾಗಿರಲಿ, ಅಪರೂಪಕ್ಕೆ ಮೆದುಳು ಊದಿಕೊಂಡುಬಿಡುತ್ತದೆ. ಹಾಗಾದ ಹುಡುಗನೊಬ್ಬನನ್ನು ನಾನು ನನ್ನ ವೃತ್ತಿಯಲ್ಲಿ ಒಮ್ಮೆ ನೋಡಿದ್ದೆ, ಆ ಹುಡುಗನ ತಾಯಿಗೆ ಸುದ್ದಿ ಹೇಳಿದವಳೂ ನಾನೇ. ಆಂಬುಲೆನ್ಸಿನಲ್ಲಿ ಅವಳ ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ಕೂತ ನನಗೆ ಆ ತಾಯಿಯ ಮುಖವಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ದೇವರ ಹೆಸರುಗಳನ್ನು ಹೇಳಿಕೊಳ್ಳಲು ಹೊರಟರೆ ಮೂರನೆಯ ಹೆಸರಿನ ಮುಂದೆ ನೆನಪಾಗಲಿಲ್ಲ.

ಸ್ಕ್ಯಾನ್ ನಡೆಯುವಾಗ ನನ್ನನ್ನು ಒಳಗೆ ಬಿಡಲಿಲ್ಲ. ನನ್ನದೇ ಆಸ್ಪತ್ರೆ, ಆದರೆ ನಾನು ತಾಯಿಯಾಗಿ ಬಂದಿದ್ದೆ. ಕಾರಿಡಾರಿನ ನೀಲಿ ಕುರ್ಚಿಯಲ್ಲಿ ಕುಳಿತೆ. ಎಷ್ಟು ಜನರನ್ನು ಅಲ್ಲಿ ಕೂರಿಸಿದ್ದೆನೋ. ಆ ಕುರ್ಚಿ ಅಷ್ಟು ತಗ್ಗಾಗಿದೆ, ಎದ್ದು ನಿಲ್ಲಲು ಕಷ್ಟವೆಂದು ಕೂತ ಮೇಲೆಯೇ ತಿಳಿದದ್ದು. ಕೊನೆಗೆ ನನ್ನ ಸಹೋದ್ಯೋಗಿ ಹೊರಗೆ ಬಂದು, ನಾನು ಮುಖ ಓದುವುದಕ್ಕೆ ಮೊದಲೇ ಹೇಳಿಬಿಟ್ಟ. "ರಕ್ತಸ್ರಾವ ಇಲ್ಲ. ಊತ ಇಲ್ಲ."

ಭಾನುವಾರ ಮಧ್ಯಾಹ್ನ ಅನು ಕಣ್ಣುಬಿಟ್ಟು, ಸುತ್ತ ನೋಡಿ, "ವೇರ್ ಆರ್ ಮೈ ಬೂಟ್ಸ್?" ಅಂದಳು. ಆ ಇಂಗ್ಲಿಷನ್ನು ಕೇಳಿ ನಾನು ಅತ್ತೆ.

ನಂತರದ ದಿನಗಳು ಪರದೆ ಎಳೆದ ಕೋಣೆಯಲ್ಲಿ ಕಳೆದವು. ಫೋನಿಲ್ಲ, ಪುಸ್ತಕವಿಲ್ಲ, ಓಟವಿಲ್ಲ. ಅವಳು ನಿದ್ದೆ ಮಾಡುವಾಗ ನಾನು ಬಾಗಿಲಲ್ಲಿ ನಿಂತು ಎದೆ ಏರಿಳಿಯುವುದನ್ನು ನೋಡುತ್ತಿದ್ದೆ, ಹೊಸ ಬಾಣಂತಿಯ ಹಾಗೆ. ಒಂದು ದಿನ ಕೇಳಿದೆ.

"ನಂಗ್ಯಾಕೆ ಹೇಳ್ಲಿಲ್ಲ ಅನು? ಬೇರೆ ಯಾರಿಗೂ ಬೇಡ, ನಂಗೆ?"

"ಹೇಳಿದ್ರೆ ಫೈನಲ್ ಆಡಕ್ಕೆ ಬಿಡ್ತಿದ್ದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಇಲ್ಲ."

"ಅದಕ್ಕೇ."

ಅವಳು ಗೋಡೆಯ ಕಡೆ ತಿರುಗಿದಳು. ಗೋಡೆಗೇ ಹೇಳುವಂತೆ ಹೇಳಿದಳು. "ಮಂಜಲ್ಲಿ ಕಾಲು ನನ್ನದು ಅಂತ ಗೊತ್ತಾಗ್ತಿರಲಿಲ್ಲ ಅಮ್ಮ. ಕ್ಲೋಯಿ ಏನೋ ಹೇಳ್ತಿದ್ಳು, ಬಾಯಿ ಆಡೋದು ಕಾಣ್ತಿತ್ತು. ನಾನು ಸತ್ತುಹೋಗ್ತಿದ್ದೀನಿ ಅಂದ್ಕೊಂಡೆ. ಅದನ್ನ ಹೇಳಕ್ಕೂ ಆಗ್ಲಿಲ್ಲ." ಅವಳ ಬೆನ್ನಿನ ಮೇಲೆ ಕೈಯಿಟ್ಟು ಕೂತೆ. ಆ ವರ್ಷ ಹೆದರಿದವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಏಪ್ರಿಲಿನಲ್ಲಿ ತಲೆಪೆಟ್ಟಿನ ಕ್ಲಿನಿಕ್ಕಿನವರು ಅವಳು ಚೇತರಿಸಿಕೊಂಡಿದ್ದಾಳೆ, ಈ ಋತುವಿಗೆ ಆಟ ಮುಗಿಯಿತು, ಮುಂದಿನ ವರ್ಷ ಬೇಕಾದರೆ ಆಡಬಹುದು ಎಂದರು. ಮುಂದಿನ ವರ್ಷ ಎಂಬ ಮಾತನ್ನು ನಾನು ಕೇಳಿಸಿಕೊಳ್ಳದವಳಂತೆ ಇದ್ದುಬಿಟ್ಟೆ.

ಈಸ್ಟರ್ ರಜೆ ಮುಗಿದ ಮೇಲೆ ಫೈನಲ್. ಅನು ದಪ್ಪ ಕೋಟು ಹಾಕಿಕೊಂಡು ನೀರಿನ ಬಾಟಲಿಗಳನ್ನು ಹಿಡಿದು ಗೆರೆಯಾಚೆ ನಿಂತಿದ್ದಳು. ಸಣ್ಣಗೆ ಮಳೆ. ಕೊನೆಯ ಭಾಗದಲ್ಲಿ ನಮ್ಮವರು ಸ್ವಲ್ಪ ಮುಂದಿದ್ದರು. ಆಗ ಎದುರಾಳಿಯೊಬ್ಬಳನ್ನು ಕೆಡವಲು ಹಾರಿದ ಕ್ಲೋಯಿಯ ತಲೆ ಆ ಹುಡುಗಿಯ ಸೊಂಟಕ್ಕೆ ಬಡಿಯಿತು. ಇಬ್ಬರೂ ಬಿದ್ದರು. ಕ್ಲೋಯಿ ಕೂಡಲೇ ಎದ್ದಳು. ಕೋಚ್ ಮಿಸ್ ಪ್ರೈಸ್ "ಸರಿ ಇದ್ದೀಯಾ?" ಎಂದು ಕೂಗಿದರು. ಕ್ಲೋಯಿ ಹೆಬ್ಬೆರಳು ಎತ್ತಿದಳು. ಜನ ಚಪ್ಪಾಳೆ ತಟ್ಟಿದರು. ನಾನೂ ನೋಡಿದೆ, ವೈದ್ಯೆಯ ಕಣ್ಣಿಂದಲೇ ನೋಡಿದೆ, ನನಗೆ ಅವಳು ಸರಿಯಾಗಿಯೇ ಇದ್ದ ಹಾಗೆ ಕಂಡಳು.

ಅನು ಬಾಟಲಿಗಳನ್ನು ಕೆಳಗೆ ಹಾಕಿ ಮೈದಾನದೊಳಕ್ಕೆ ಓಡಿದಳು.

ರೆಫರಿ ಸೀಟಿ ಊದಿದರು. ಎಲ್ಲ ನಿಂತಿತು. "ಇವಳು ಆಡಬಾರದು," ಎಂದು ಅನು ಹೇಳುವುದು ಗೆರೆಯಾಚೆ ನಮಗೆಲ್ಲ ಕೇಳಿಸಿತು. "ಬಿದ್ದ ಮೇಲೆ ಇವಳು ನಮ್ಮ ಕಡೆಗಲ್ಲ, ಅವರ ಕಡೆಗೆ ಹೋಗಿ ನಿಂತ್ಕೊಂಡ್ಳು. ಆಮೇಲೆ ತಿರುಗಿದ್ಳು."

ರೆಫರಿ ಕ್ಲೋಯಿಗೆ ಪ್ರಶ್ನೆ ಕೇಳಿದರು. ಇದು ಯಾವ ಮೈದಾನ, ಯಾರು ಮುಂದಿದ್ದಾರೆ, ಹಿಂದಿನ ಪಂದ್ಯ ಯಾರ ಜೊತೆ. ಅವಳು ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟಳು. ಆದರೂ ರೆಫರಿ ತಲೆಯಾಡಿಸಿದರು. ಅನುಮಾನವಿದ್ದರೆ ಹೊರಗೆ ಕೂರಿಸುವುದೇ ಇಲ್ಲಿನ ನಿಯಮ. ಕ್ಲೋಯಿ ಎರಡೂ ಕೈಯಿಂದ ಅನುವಿನ ಎದೆಗೆ ನೂಕಿದಳು. "ನಿನ್ನ ಗುಟ್ಟನ್ನ ನಾನು ಕಾಪಾಡಿದ್ದೆ!" ಎಂದು ಕಿರುಚಿದಳು. ಅನು ಹಿಂದಕ್ಕೆ ತೂರಾಡಿ ನಿಂತಳು, ಬೀಳಲಿಲ್ಲ. "ಅದಕ್ಕೇ" ಅಂದಳು.

ಕ್ಯಾಪ್ಟನ್ ಇಲ್ಲದ ತಂಡ ಕೊನೆಯ ಗಳಿಗೆಯಲ್ಲಿ ಸೋತಿತು. ಡೆಬಿ ಮಗಳನ್ನು ಆಸ್ಪತ್ರೆಗೆ ಕರೆದೊಯ್ದಳು. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ತಲೆನೋವಿಲ್ಲ, ಏನಿಲ್ಲ ಎಂದಳಂತೆ ಕ್ಲೋಯಿ. ಮರುದಿನ ವಿಚಾರಿಸಲು ಫೋನು ಮಾಡಿದಾಗ ಡೆಬಿ, "ಚೆನ್ನಾಗಿದ್ದಾಳೆ, ಥ್ಯಾಂಕ್ಯೂ ಡಾಕ್ಟರ್" ಅಂದಳು. ಡಕ್ ಅನ್ನಲಿಲ್ಲ.

ಆಮೇಲೆ ಶುರುವಾದದ್ದು ಬೇರೆ ಭಯ. ತಂಡದವರು ಅನುವಿನೊಂದಿಗೆ ಮಾತು ಬಿಟ್ಟರು. ಅವಳು ಮಧ್ಯಾಹ್ನದ ಊಟವನ್ನು ಲೈಬ್ರರಿಯ ಮೆಟ್ಟಿಲ ಮೇಲೆ ಒಬ್ಬಳೇ ತಿನ್ನುತ್ತಾಳೆಂದು ಮಿಸ್ಟರ್ ಹಾಲೆಂಡ್ ಹೇಳಿದರು. ತಂಡದ ವಾಟ್ಸ್ಯಾಪ್ ಗುಂಪಿನಲ್ಲಿ ಅವಳನ್ನು ಚಾಡಿಕೋರಿ ಎಂದು ಬರೆದರು. ಒಬ್ಬಳು ಇನ್ನೂ ಕೆಟ್ಟದ್ದನ್ನು ಬರೆದಳು, ಬಂದ ಕಡೆಗೇ ವಾಪಸ್ ಹೋಗು ಎಂಬ ಅರ್ಥದ್ದು. ಮೋಹನ ಕಾರಿನ ಕೀ ಎತ್ತಿಕೊಂಡು ಶಾಲೆಗೆ ಹೊರಟ. ಅನು ಬಾಗಿಲಿಗೆ ಅಡ್ಡ ನಿಂತಳು.

"ಬೇಡ ಅಪ್ಪ. ಹೋದ್ರೆ ನಾನು ಮತ್ತೆ ಚಾಡಿ ಹೇಳಿದ ಹಾಗಾಗತ್ತೆ."

ಮುರಿದ ಮೂಳೆಗೆ ಪಟ್ಟಿ ಕಟ್ಟಬಲ್ಲೆ. ಇದಕ್ಕೆ ಏನು ಮಾಡುವುದೋ ತಿಳಿಯಲಿಲ್ಲ. ಅವಳು ಸ್ನಾನದ ಕೋಣೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಇದ್ದರೆ ಬಾಗಿಲ ಬಳಿ ಹೋಗಿ, "ಅನು, ಟವೆಲ್ ಬೇಕಾ?" ಎಂದು ಕೇಳುತ್ತಿದ್ದೆ. ಬೇಕಿಲ್ಲವೆಂಬ ಉತ್ತರ ಬಂದ ಮೇಲೂ ಅಲ್ಲೇ ನಿಂತಿರುತ್ತಿದ್ದೆ.

ಕೆಡೆಟ್ ಪಡೆಯನ್ನು ಮಾತ್ರ ಅವಳು ಬಿಡಲಿಲ್ಲ. ಜೂನಿನಲ್ಲಿ ವಾರ್ಷಿಕ ತಪಾಸಣೆಯ ಕವಾಯತು ನಡೆಯಿತು. ಕ್ಲೋಯಿ ಮುಂದೆ ನಿಂತು ಆಜ್ಞೆ ಕೂಗಿದಳು, ಅನು ಸಾಲಿನಲ್ಲಿ ನಿಂತು ಪಾಲಿಸಿದಳು, ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಮುಗಿದ ಮೇಲೆ ಮಿಸ್ಟರ್ ಹಾಲೆಂಡ್ ನನ್ನ ಬಳಿ ಬಂದು, ಟ್ರಾಮ್ ಹಳಿಯಲ್ಲೇನೋ ತೊಂದರೆಯಾಗಿ ಡೆಬಿಗೆ ಬರಲಾಗುತ್ತಿಲ್ಲ, ಕ್ಲೋಯಿಯನ್ನು ಮನೆಗೆ ಬಿಡಬಹುದೇ ಎಂದರು.

ಇಬ್ಬರೂ ಹಿಂದಿನ ಸೀಟಿನಲ್ಲಿ, ಎರಡು ಕಿಟಕಿಗಳಿಗೆ ಅಂಟಿಕೊಂಡು ಕೂತರು. ನಾನು ರೇಡಿಯೋ ಹಾಕಿ, ಮತ್ತೆ ಆರಿಸಿದೆ. ಸಿಗ್ನಲ್ಲಿನಲ್ಲಿ ನಿಂತಾಗ ಕ್ಲೋಯಿ ಕಿಟಕಿಯತ್ತ ನೋಡುತ್ತಲೇ ಮಾತಾಡಿದಳು.

"ಆವತ್ತು ಎರಡು ಚೆಂಡು ಕಾಣ್ತಿತ್ತು."

ಅನು ತನ್ನ ಕಿಟಕಿಯಿಂದ ಮುಖ ಈಚೆ ತಿರುಗಿಸಿದಳು.

"ಎರಡು ಚೆಂಡು. ಇಬ್ರು ರೆಫರಿ. ನಿನ್ನನ್ನ ನೂಕಿದ್ನಲ್ಲ, ಆಗ ನೀನೂ ಇಬ್ರು ಇದ್ದೆ."

"ಮತ್ತೆ ಯಾರನ್ನ ನೂಕಿದೆ?"

"ಕೈಗೆ ಸಿಕ್ಕಿದವಳನ್ನ."

ಯಾರು ಮೊದಲು ನಕ್ಕರೋ ಗೊತ್ತಾಗಲಿಲ್ಲ. ನಗುವಿನ ಮಧ್ಯೆ ಒಬ್ಬಳು ಅಳುತ್ತಿದ್ದಳು, ಅದು ಯಾರೆಂದೂ ಗೊತ್ತಾಗಲಿಲ್ಲ. ನಾನು ತಿರುಗಿ ನೋಡಲಿಲ್ಲ. ಎರಡು ಚೆಂಡು ಕಾಣುತ್ತಿದ್ದ ಹುಡುಗಿ ಆಸ್ಪತ್ರೆಯಲ್ಲಿ ಏನೂ ಇಲ್ಲವೆಂದಿದ್ದಳು, ನಾವು ನಂಬಿದ್ದೆವು. ಆವತ್ತು ಅವಳು ಮತ್ತೊಮ್ಮೆ ಬಿದ್ದಿದ್ದರೆ? ಹಿಂದಿನ ಕಾರಿನವನು ಹಾರ್ನ್ ಹೊಡೆದಾಗಲೇ ಹಸಿರು ದೀಪ ಕಂಡದ್ದು.

"ಮಮ್‌ಗೆ ಹೇಳ್ತೀರಾ?" ಎಂದು ಕ್ಲೋಯಿ ನನ್ನನ್ನು ಕೇಳಿದಳು.

"ನೀನೇ ಹೇಳು," ಅಂದೆ. "ಇವತ್ತೇ."

ಡೆಬಿ ಆಗತಾನೆ ಮನೆ ಸೇರಿದ್ದಳು. ಕ್ಲೋಯಿ ಬಾಗಿಲಲ್ಲಿ ನಿಂತು, ತಲೆ ತಗ್ಗಿಸಿ ಹೇಳುವುದನ್ನು ನಾವು ಕಾರಿನಿಂದ ನೋಡಿದೆವು. ಡೆಬಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು ನೋಡಿದಳು, ಎರಡು ತಿಂಗಳ ಹಿಂದಿನದು ಈಗ ಕಾಣುವುದೇನೋ ಎಂಬಂತೆ. ನಂತರ ನಮ್ಮ ಕಾರಿನ ಕಡೆ ನೋಡಿದಳು. ಕೈ ಎತ್ತಲಿಲ್ಲ, ಹತ್ತಿರ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಅವಳಿಗೆ ಆ ಕ್ಷಣ ಏನಾಗುತ್ತಿತ್ತೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಅನು ಮುಂದಿನ ಸೀಟಿಗೆ ಬಂದು ಬೆಲ್ಟ್ ಹಾಕಿಕೊಂಡಳು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಅಮ್ಮ, ಸೆಪ್ಟೆಂಬರಲ್ಲಿ ಮತ್ತೆ ಆಯ್ಕೆ ನಡೆಯತ್ತೆ."

ನಾನು ಕೀ ತಿರುಗಿಸಿದೆ. ಎಂಜಿನ್ ಆಗಲೇ ಓಡುತ್ತಿತ್ತು, ಕರ್ ಎಂದು ಅರಚಿತು.

"ಅಮ್ಮ? ಏನಾದ್ರೂ ಹೇಳು."

ಬೇಡ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಕಾಯುತ್ತಿದ್ದಳು, ನೇರವಾಗಿ ನನ್ನ ಮುಖ ನೋಡುತ್ತ.

"ತಲೆಗೆ ಏನಾದ್ರೂ ತಗುಲಿದ್ರೆ ಮೊದಲು ನಂಗೆ ಹೇಳ್ಬೇಕು," ಅಂದೆ. ನನ್ನ ದನಿ ನಡುಗುತ್ತಿತ್ತು, ಮುಚ್ಚಿಡಲು ಹೋಗಲಿಲ್ಲ. "ಎಷ್ಟೇ ಚಿಕ್ಕ ಪೆಟ್ಟಾಗಿರ್ಲಿ."

"ಹೇಳ್ತೀನಿ."

"ಹಳೇ ಬೂಟು ಚಿಕ್ಕದಾಗಿರಬೇಕು ನಿಂಗೆ. ಹೊಸದು ತಗೋಬೇಕು."